ದಿಲ್ಲಿಗೆ ಹೋದರೆ ರಾಷ್ಟ್ರಪತಿ ಭವನದ ಒಳಗೆ ಹೋಗಿ ಬನ್ನಿ, ಗೇಟಿನ ಫೋಟೋ ಸಾಲದು

ತುಂಗಾತೀರ:
ನಮ್ಮ ಕಡೆಯಿಂದ ದಿಲ್ಲಿಗೆ ಹೋಗುವವರು ನೋಡುವ ಜಾಗಗಳು ಹೆಚ್ಚು ಕಡಿಮೆ ಒಂದೇ. ಕೆಂಪು ಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್, ಅಕ್ಷರಧಾಮ, ಮರುದಿನ ಆಗ್ರಾ. ರಾಷ್ಟ್ರಪತಿ ಭವನ ಅಂದರೆ ಟ್ಯಾಕ್ಸಿಯವನು ವಿಜಯ್ ಚೌಕ್ ಹತ್ತಿರ ನಿಲ್ಲಿಸುತ್ತಾನೆ. ದೂರದಲ್ಲಿ ಗುಮ್ಮಟ ಕಾಣುವ ಹಾಗೆ ಒಂದು ಫೋಟೋ, ಅಲ್ಲಿಗೆ ಮುಗಿಯಿತು. ಒಳಗೆ ಬಿಡುತ್ತಾರೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಿಡುತ್ತಾರೆ. ಅವರ ವೆಬ್‌ಸೈಟಿನಲ್ಲಿ ಮೊದಲೇ ದಿನ, ಸಮಯ ಬುಕ್ ಮಾಡಬೇಕು. ಮುಖ್ಯ ಕಟ್ಟಡಕ್ಕೆ ತಲೆಗೆ 50 ರೂಪಾಯಿ. ಗುಂಪು ಮಾಡಿ ಗೈಡ್ ಜೊತೆ ಕಳಿಸುತ್ತಾರೆ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಅದೂ ಒಳ್ಳೆಯದೇ, ಎಲ್ಲರೂ ಕಣ್ಣೆತ್ತಿ ನೋಡುತ್ತಾರೆ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. 1911ರ ದಿಲ್ಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ರಾಜಧಾನಿಯನ್ನು ಕಲ್ಕತ್ತದಿಂದ ದಿಲ್ಲಿಗೆ ತರುವುದಾಗಿ ಸಾರಿದ. ವೈಸರಾಯ್ ಇರುವುದಕ್ಕೆ ಒಂದು ಮನೆ ಬೇಕಲ್ಲ, ಅದನ್ನು ರೈಸಿನಾ ಗುಡ್ಡದ ಮೇಲೆ ಕಟ್ಟುವ ಕೆಲಸ ಎಡ್ವಿನ್ ಲುಟ್ಯೆನ್ಸ್‌ಗೆ ಬಂತು. 4 ವರ್ಷದಲ್ಲಿ ಮುಗಿಯಬೇಕಿದ್ದ ಕೆಲಸ. ಮಧ್ಯೆ ಮೊದಲ ಮಹಾಯುದ್ಧ ಬಂತು. ಕೊನೆಗೆ 17 ವರ್ಷ ಹಿಡಿದು 1929ರಲ್ಲಿ ಮುಗಿಯಿತು. 340 ಕೋಣೆ, ಸುತ್ತ 330 ಎಕರೆ ಜಾಗ. ಮೊದಲು ವಾಸಕ್ಕೆ ಬಂದವರು ಲಾರ್ಡ್ ಇರ್ವಿನ್. ಆಮೇಲೆ 18 ವರ್ಷಕ್ಕೆ ಬ್ರಿಟಿಷರೇ ಹೊರಟರು. 17 ವರ್ಷ ಕಟ್ಟಿಸಿದ ಮನೆಯಲ್ಲಿ ಅವರು ಇದ್ದದ್ದು ಅಷ್ಟೇ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಗುಮ್ಮಟದ ಕೆಳಗಿನ ದೊಡ್ಡ ಹಾಲ್. ಮೊದಲು ದರ್ಬಾರ್ ಹಾಲ್ ಅನ್ನುತ್ತಿದ್ದರು, 2024ರಿಂದ ಗಣತಂತ್ರ ಮಂಟಪ. ದುಂಡಗಿನ ಕೋಣೆ. ಸುತ್ತ ಜೈಸಲ್ಮೇರಿನ ಹಳದಿ ಅಮೃತಶಿಲೆಯ ಕಂಬಗಳು. ನಡುವೆ ತೂಗುವ ದೊಡ್ಡ ದೀಪದ ಗೊಂಚಲು. ಬ್ರಿಟಿಷರ ಕಾಲದಲ್ಲಿ ಇಲ್ಲಿ ಎರಡು ಸಿಂಹಾಸನ ಇದ್ದವು, ವೈಸರಾಯ್‌ಗೊಂದು, ಅವರ ಹೆಂಡತಿಗೊಂದು. ಈಗ ಒಂದೇ ಕುರ್ಚಿ, ರಾಷ್ಟ್ರಪತಿಗಳದ್ದು. ಅದರ ಹಿಂದೆ ಗುಪ್ತರ ಕಾಲದ ಬುದ್ಧನ ಮೂರ್ತಿ. 1947ರ ಆಗಸ್ಟ್ 15ರಂದು ನೆಹರೂ ಸರ್ಕಾರ ಪ್ರಮಾಣವಚನ ತೆಗೆದುಕೊಂಡದ್ದು ಇಲ್ಲೇ. 1950ರ ಜನವರಿ 26ರಂದು ಬಾಬು ರಾಜೇಂದ್ರ ಪ್ರಸಾದ್ ಮೊದಲ ರಾಷ್ಟ್ರಪತಿ ಆದದ್ದೂ ಇಲ್ಲೇ.

ಇವೆಲ್ಲ ಪಠ್ಯಪುಸ್ತಕದಲ್ಲಿ ಸಿಗುವ ಮಾತು. ಆದರೆ ನಮ್ಮ ಸಾಲುಮರದ ತಿಮ್ಮಕ್ಕ ಪದ್ಮಶ್ರೀ ತೆಗೆದುಕೊಂಡದ್ದು ಇದೇ ಹಾಲ್‌ನಲ್ಲಿ. 2019ರ ಮಾರ್ಚ್. ಪ್ರಶಸ್ತಿ ತೆಗೆದುಕೊಂಡವರು ನೇರ ವಾಪಸ್ ಹೋಗುವುದು ವಾಡಿಕೆ. ತಿಮ್ಮಕ್ಕ ಕೈ ಎತ್ತಿ ರಾಷ್ಟ್ರಪತಿ ಕೋವಿಂದರ ಹಣೆ ಮುಟ್ಟಿ ಆಶೀರ್ವಾದ ಮಾಡಿದರು. ಕೋವಿಂದರು ತಲೆ ಬಾಗಿಸಿ ನಿಂತರು. 2021ರ ನವೆಂಬರಿನಲ್ಲಿ ಅಂಕೋಲಾದ ತುಳಸಿ ಗೌಡರು ಹಾಲಕ್ಕಿ ಉಡುಗೆಯಲ್ಲೇ, ಬರಿಗಾಲಲ್ಲಿ ಅದೇ ನೆಲದ ಮೇಲೆ ನಡೆದು ಬಂದರು. ಕಿತ್ತಳೆ ಮಾರಿದ ದುಡ್ಡಿನಲ್ಲಿ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬ ಬಂದರು. ಮಂಜಮ್ಮ ಜೋಗತಿ ಸೆರಗು ಹಿಡಿದು ರಾಷ್ಟ್ರಪತಿಗೆ ದೃಷ್ಟಿ ತೆಗೆದರು.

ವೈಸರಾಯ್ ಎದುರು ರಾಜ ಮಹಾರಾಜರು ತಲೆ ಬಗ್ಗಿಸಿ ನಿಲ್ಲಲಿ ಅಂತ ಕಟ್ಟಿದ ಕೋಣೆ ಇದು. ಅಲ್ಲಿ ಹಳ್ಳಿಯ ಒಬ್ಬ ಅಜ್ಜಿ ಎದುರು ದೇಶದ ರಾಷ್ಟ್ರಪತಿಯೇ ತಲೆ ಬಾಗಿಸಿದರು. ಟಿವಿಯಲ್ಲಿ ನಾವೆಲ್ಲ ನೋಡಿದ್ದೇವೆ. ಆ ಜಾಗದಲ್ಲಿ ನಿಂತು ಆ ಎತ್ತರ, ಆ ಕಂಬ, ಆ ಕುರ್ಚಿ ನೋಡಿದಾಗ ಅದು ಎಷ್ಟು ದೊಡ್ಡ ಮಾತು ಅಂತ ನನಗೆ ಅರ್ಥವಾಯಿತು. ಮಕ್ಕಳನ್ನು ಕರೆದುಕೊಂಡು ಹೋದರೆ ಇದನ್ನು ಹೇಳಿ. ಗೈಡ್ ಹೇಳುವುದಿಲ್ಲ, ಅವರಿಗೆ ಎಲ್ಲ ರಾಜ್ಯದವರೂ ಬೇಕಲ್ಲ.

ಹೋಗಿ ಬಂದವರು ನಿಮಗೆ ಕಂಡದ್ದನ್ನು ಸೇರಿಸಿ. ಹೋಗಬೇಕು ಅಂದುಕೊಂಡವರು ಏನು ಬೇಕಾದರೂ ಕೇಳಿ.

ಯಮುನೆಯ ಕನ್ನಡಿಗ:
ತುಂಬಾ ಖುಷಿ ಆಯಿತು ಸರ್. ದಿಲ್ಲಿಯಲ್ಲಿ ಇರುವವನಾಗಿ ಒಂದೆರಡು ವಿಷಯ ಸೇರಿಸುತ್ತೇನೆ. ನೋಡುವುದಕ್ಕೆ ಮೂರು ಭಾಗ ಇವೆ, ಮೂರಕ್ಕೂ ಬೇರೆ ಬೇರೆ ಬುಕಿಂಗ್. ಒಂದು ಮುಖ್ಯ ಕಟ್ಟಡ, ಇನ್ನೊಂದು ಮ್ಯೂಸಿಯಂ, ಮೂರನೆಯದು ತೋಟ. ತೋಟ ವರ್ಷವಿಡೀ ತೆರೆದಿರುವುದಿಲ್ಲ. ಫೆಬ್ರವರಿ, ಮಾರ್ಚ್ ಹೂವಿನ ಕಾಲ, ಆಗ ಬಿಡುತ್ತಾರೆ. ಅದಕ್ಕೆ ದುಡ್ಡಿಲ್ಲ. ಸೋಮವಾರ ಎಲ್ಲಕ್ಕೂ ರಜೆ.

ಶನಿವಾರ ಬೆಳಗ್ಗೆ ಕಾವಲು ಬದಲಾಯಿಸುವ ಕಾರ್ಯಕ್ರಮ ಇರುತ್ತದೆ. ಕುದುರೆ ಸವಾರರು, ಬ್ಯಾಂಡ್ ಎಲ್ಲ ಇರುತ್ತದೆ. ಮಕ್ಕಳಿಗೆ ಇದೇ ಜಾಸ್ತಿ ಇಷ್ಟ ಆಗುತ್ತದೆ. ಬೇಸಿಗೆಗೆ ಒಂದು ಸಮಯ, ಚಳಿಗಾಲಕ್ಕೆ ಇನ್ನೊಂದು. ಬುಕ್ ಮಾಡುವಾಗ ನೋಡಿಕೊಳ್ಳಿ. ಇದಕ್ಕೂ ಬುಕಿಂಗ್ ಬೇಕು.

ಜನವರಿ ಕೊನೆಯಲ್ಲಿ ಬರಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಗಣರಾಜ್ಯೋತ್ಸವ, 29ಕ್ಕೆ ಬೀಟಿಂಗ್ ರಿಟ್ರೀಟ್ ಅನ್ನುವ ಸೇನಾ ಬ್ಯಾಂಡ್ ಕಾರ್ಯಕ್ರಮ. ಆ ಸುತ್ತಮುತ್ತ ರಸ್ತೆಗಳೇ ಬಂದ್. ಬೇರೆ ದೇಶದ ಅಧ್ಯಕ್ಷರು ಬಂದಾಗಲೂ ಒಳಗೆ ಬಿಡುವುದಿಲ್ಲ.

ಗದಗಿನ ಮಗಳು:
ನನ್ನ ಅವ್ವನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಅವಳಿಗೆ ಸಣ್ಣಂದಿನಿಂದ ಅಲ್ಲಿ ಹೋಗುವ ಆಸೆ. ಮುಂದೆ ದೊಡ್ಡ ಮೆಟ್ಟಿಲು ಇದೆಯಲ್ಲ, ಅದನ್ನು ಹತ್ತಲೇಬೇಕಾ? ಒಳಗೆ ಎಷ್ಟು ಹೊತ್ತು ನಿಲ್ಲಬೇಕು? ಕೂರಲು ಜಾಗ ಇರುತ್ತದಾ?

ಯಮುನೆಯ ಕನ್ನಡಿಗ:
ಅಕ್ಕಾ, ಟಿವಿಯಲ್ಲಿ ಕಾಣುವ ಆ ಮುಂದಿನ ಮೆಟ್ಟಿಲು ದೊಡ್ಡ ಸಮಾರಂಭಗಳಿಗೆ. ನಮ್ಮಂಥವರನ್ನು ಬೇರೆ ಗೇಟಿನಿಂದ ಕರೆದುಕೊಂಡು ಹೋಗುತ್ತಾರೆ. ಯಾವ ಗೇಟು ಅಂತ ಬುಕಿಂಗ್ ಚೀಟಿಯಲ್ಲೇ ಇರುತ್ತದೆ, ಅದನ್ನು ಆಟೋದವನಿಗೆ ತೋರಿಸಿ. ಸುಮ್ನೆ ರಾಷ್ಟ್ರಪತಿ ಭವನ ಅಂದರೆ ಅವನು ಎಲ್ಲೋ ಇಳಿಸುತ್ತಾನೆ, ಮತ್ತೆ ದೂರ ನಡೆಯಬೇಕಾಗುತ್ತದೆ. ಒಳಗಿನ ಸುತ್ತಾಟ ನಿಧಾನವಾಗಿಯೇ ಇರುತ್ತದೆ, ಆದರೆ ಉದ್ದಕ್ಕೂ ನಿಂತು ನಡೆಯುವುದೇ. ಅವ್ವನಿಗೆ ವೀಲ್‌ಚೇರ್ ಬೇಕು ಅಂತ ಮೊದಲೇ ಅವರ ಸ್ವಾಗತ ಕಚೇರಿಗೆ ಫೋನ್ ಮಾಡಿ ಹೇಳಿಟ್ಟುಬಿಡಿ. ಬೆಳಗಿನ ಮೊದಲ ಸಮಯ ಹಿಡಿಯಿರಿ, ಬಿಸಿಲು ಇರುವುದಿಲ್ಲ. ನೀರು, ಮಾತ್ರೆ ವಿಚಾರವನ್ನೂ ಅವರಿಗೇ ಕೇಳಿಬಿಡಿ, ಬ್ಯಾಗ್ ಒಳಗೆ ಬಿಡುವುದಿಲ್ಲ.

ನೇರನುಡಿ:
ಎಲ್ಲರೂ ಹೊಗಳುತ್ತಿದ್ದೀರಿ, ನನಗೆ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಆ ಗುಡ್ಡದ ಮೇಲೆ ಮುಂಚೆ ಹಳ್ಳಿ ಇತ್ತು. ರೈಸಿನಾ, ಮಾಲ್ಚಾ ಅಂತ. 1894ರ ಭೂಸ್ವಾಧೀನ ಕಾಯ್ದೆ ಹಿಡಿದುಕೊಂಡು ಸುಮಾರು 300 ಮನೆಯವರನ್ನು ಎಬ್ಬಿಸಿದರು. ನಮ್ಮಲ್ಲಿ ಅಣೆಕಟ್ಟಿಗೆ ಊರು ಬಿಟ್ಟವರಿಗೆ ಗೊತ್ತು ಅದು ಏನು ಅಂತ. ಗಾಂಧೀಜಿ ಆ ಮನೆಯನ್ನು ಆಸ್ಪತ್ರೆ ಮಾಡಿ ಅಂದಿದ್ದರು. ಯಾರೂ ಕೇಳಲಿಲ್ಲ. ಬಡ ದೇಶದ ರಾಷ್ಟ್ರಪತಿಗೆ 340 ಕೋಣೆ ಯಾಕೆ ಬೇಕು? ತಿಮ್ಮಕ್ಕನಿಗೆ ಪ್ರಶಸ್ತಿಯನ್ನು ಹುಲಿಕಲ್ಲಿನ ಆಲದ ಮರದ ಕೆಳಗೆ ಕೊಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ತುಂಗಾತೀರ:
ನೇರನುಡಿ ಅವರೇ, ಹಳ್ಳಿಯ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಅಲ್ಲಿಗೆ ಹೋಗುವ ಪ್ರತಿಯೊಬ್ಬರಿಗೂ ರೈಸಿನಾ, ಮಾಲ್ಚಾ ಹೆಸರು ಗೊತ್ತಿರಬೇಕು. ಲುಟ್ಯೆನ್ಸ್ ಹೆಸರು ಎಷ್ಟು ಸಲ ಕೇಳುತ್ತದೋ ಅಷ್ಟೇ ಸಲ ಆ ಎರಡು ಊರಿನ ಹೆಸರೂ ಕೇಳಬೇಕು. ಕಲ್ಲು ಒಡೆದ, ಹೊತ್ತ, ಕೆತ್ತಿದ ಕೂಲಿಯವರು, ಶಿಲ್ಪಿಗಳು ಎಲ್ಲ ಇಲ್ಲಿನವರೇ. ಅವರ ಹೆಸರು ಯಾವ ಫಲಕದಲ್ಲೂ ನನಗೆ ಕಾಣಲಿಲ್ಲ.

ಆದರೆ 340 ಕೋಣೆ ಒಬ್ಬರಿಗೆ ಅನ್ನುವುದು ಸರಿಯಲ್ಲ. 1948ರಲ್ಲಿ ರಾಜಾಜಿ ಗವರ್ನರ್ ಜನರಲ್ ಆಗಿ ಬಂದಾಗ ವೈಸರಾಯ್ ಇದ್ದ ದೊಡ್ಡ ದೊಡ್ಡ ಕೋಣೆಗಳು ಬೇಡ ಅಂದರು. ಒಂದು ಬದಿಯ ಕೆಲವೇ ಕೋಣೆಗಳಲ್ಲಿ ಇದ್ದರು. ಅವತ್ತಿನಿಂದ ರಾಷ್ಟ್ರಪತಿಗಳ ಮನೆಯವರು ಇರುವುದು ಆ ಬದಿಯಲ್ಲೇ. ವೈಸರಾಯ್ ಮಲಗುತ್ತಿದ್ದ ಕಡೆ ಈಗ ಬೇರೆ ದೇಶದಿಂದ ಬಂದ ಅತಿಥಿಗಳನ್ನು ಇಳಿಸುತ್ತಾರೆ. ಉಳಿದದ್ದರಲ್ಲಿ ಕಚೇರಿ ಇದೆ, ಸಮಾರಂಭದ ಹಾಲ್‌ಗಳಿವೆ. ನಾವು ನೋಡುವುದು ಆ ಹಾಲ್‌ಗಳನ್ನು. ಮನೆ ಭಾಗ ತೋರಿಸುವುದಿಲ್ಲ.

ಆಸ್ಪತ್ರೆ ಆಗಿದ್ದರೆ ಚೆನ್ನಾಗಿತ್ತು ಅನ್ನುವವರ ಜೊತೆ ನನಗೆ ಜಗಳ ಇಲ್ಲ. ಆಗಲಿಲ್ಲ. ಈಗ ನಮ್ಮ ಕೈಯಲ್ಲಿ ಇರುವುದು ಅದನ್ನು ಆದಷ್ಟು ಜಾಸ್ತಿ ಜನಕ್ಕೆ ತೆರೆಯಿಸುವುದು. 2016ರಲ್ಲಿ ಮ್ಯೂಸಿಯಂ ತೆರೆಯಿತು. 2023ರಲ್ಲಿ ರಾಷ್ಟ್ರಪತಿಗಳು ಹೋದಾಗ ಇಳಿಯುವ ಹೈದರಾಬಾದಿನ ರಾಷ್ಟ್ರಪತಿ ನಿಲಯವನ್ನೂ ಶಿಮ್ಲಾ ಹತ್ತಿರದ ಮಶೋಬ್ರಾ ಬಂಗಲೆಯನ್ನೂ ಜನರಿಗೆ ಬಿಟ್ಟರು. ಬಿಟ್ಟ ಮೇಲೆ ನಾವು ಹೋಗಬೇಕು. ಖಾಲಿ ಇದ್ದರೆ ಮತ್ತೆ ಬಾಗಿಲು ಹಾಕುವುದಕ್ಕೆ ಒಂದು ನೆಪ ಸಿಗುತ್ತದೆ.

ನೇರನುಡಿ:
ಬಾಗಿಲು ತೆರೆಯಬೇಕು ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಹಳ್ಳಿಗಳ ಹೆಸರು ಅಲ್ಲಿ ದೊಡ್ಡದಾಗಿ ಬರೆಯಿಸಬೇಕು. ಅದರಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಬಸದಿಬೀದಿ:
ಒಂದು ವಿಷಯ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ಆ ಕಂಬಗಳ ತಲೆಯನ್ನು ಸರಿಯಾಗಿ ನೋಡಿದ್ದೀರಾ? ಮೂಲೆ ಮೂಲೆಗೆ ಒಂದೊಂದು ಗಂಟೆ ತೂಗುವ ಹಾಗೆ ಕೆತ್ತಿದ್ದಾರೆ. ಕಲ್ಲಿನ ಗಂಟೆ. ಈ ಕಲ್ಪನೆ ಮೂಡುಬಿದಿರೆಯ ಜೈನ ಬಸದಿಯಿಂದ ಬಂದದ್ದು ಅಂತ ರಾಷ್ಟ್ರಪತಿ ಭವನದವರೇ ಹೇಳಿಕೊಂಡಿದ್ದಾರೆ. ನಮ್ಮೂರು! ಗ್ರೀಕರದ್ದೂ ಅಲ್ಲದ, ರೋಮನ್ನರದ್ದೂ ಅಲ್ಲದ ಒಂದು ಹೊಸ ಬಗೆಯ ಕಂಬ ಬೇಕು ಅಂತ ಲುಟ್ಯೆನ್ಸ್ ಮಾಡಿದ್ದು. ಅದಕ್ಕೆ ಡೆಲ್ಲಿ ಆರ್ಡರ್ ಅನ್ನುತ್ತಾರೆ.

ಕಲ್ಲಿನ ಗಂಟೆ ಬಾರಿಸುವುದಿಲ್ಲ, ಬಾರಿಸದ ಗಂಟೆ ಇದ್ದರೆ ರಾಜ್ಯ ಮುಗಿಯುವುದಿಲ್ಲ ಅಂತ ಬ್ರಿಟಿಷರು ನಂಬಿದ್ದರು ಎಂಬ ಕತೆಯೂ ಇದೆ. ಕತೆ ಏನೇ ಇರಲಿ, ಗಂಟೆ ಅಲ್ಲೇ ಇದೆ, ಅವರು ಇಲ್ಲ.

ದಿಲ್ಲಿಗೆ ಹೋಗುವ ಮೊದಲು ಒಮ್ಮೆ ಮೂಡುಬಿದಿರೆಗೆ ಬನ್ನಿ. 1430ರ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಅದನ್ನು ಕಣ್ಣು ತುಂಬಾ ನೋಡಿ, ಆಮೇಲೆ ದಿಲ್ಲಿಯದ್ದು ನೋಡಿ. ಅಲ್ಲಿ ಎಲ್ಲ ಕಂಬವೂ ಒಂದೇ ಅಚ್ಚು. ನನಗೆ ನಮ್ಮದೇ ಚಂದ ಕಂಡಿತು, ಊರಿನ ಅಭಿಮಾನ ಅಂದುಕೊಂಡರೂ ಅಡ್ಡಿ ಇಲ್ಲ.

ಗದಗಿನ ಮಗಳು:
ಇದು ಗೊತ್ತೇ ಇರಲಿಲ್ಲ! ಅವ್ವನಿಗೆ ಓದಿ ಹೇಳಿದೆ. ಗಂಟೆ ಎಲ್ಲಿದೆ ಅಂತ ತೋರಿಸಬೇಕಂತೆ.

ಸುತ್ತಿಗೆ ಉಳಿ:
ನಾನು ಆರ್ಕಿಟೆಕ್ಚರ್ ಓದುತ್ತಿರುವವನು. ಬಸದಿಬೀದಿ ಅವರು ಗಂಟೆ ತೋರಿಸಿದರು, ನಾನು ಇನ್ನಷ್ಟು ತೋರಿಸುತ್ತೇನೆ. ಹೊರಗಿನಿಂದ ನೋಡುವಾಗ ಮೂರು ಕಡೆ ಕಣ್ಣಿಡಿ. ಗುಮ್ಮಟ ಸಾಂಚಿಯ ಸ್ತೂಪದ ಹಾಗೆ ಇದೆ, ಅದರ ಸುತ್ತ ಇರುವ ಕಟಕಟೆಯೂ ಸಾಂಚಿಯದೇ ಮಾದರಿ. ಗೋಡೆಯ ಮೇಲ್ಭಾಗದಲ್ಲಿ ಮುಂದಕ್ಕೆ ಚಾಚಿದ ತೆಳ್ಳಗಿನ ಕಲ್ಲಿನ ಸೂರು ಇದೆ, ಛಜ್ಜಾ ಅನ್ನುತ್ತಾರೆ. ಮಧ್ಯಾಹ್ನ ಅದರ ನೆರಳು ಗೋಡೆ ಮೇಲೆ ಗೆರೆ ಎಳೆದ ಹಾಗೆ ಬೀಳುತ್ತದೆ. ದಿಲ್ಲಿ ಬಿಸಿಲಿಗೆ ಅದು ಬೇಕೇ ಬೇಕು. ಕೆಳಗೆ ಕೆಂಪು ಮರಳುಗಲ್ಲು, ಮೇಲೆ ಕೆನೆ ಬಣ್ಣದ್ದು. ಉಕ್ಕು ಬಳಸಿದ್ದು ತೀರಾ ಕಡಿಮೆ, ಕಲ್ಲು ಇಟ್ಟಿಗೆಯೇ ಭಾರ ಹೊತ್ತಿದೆ.

ಮುಂದಿನ ಅಂಗಳದಲ್ಲಿ ಎತ್ತರದ ಒಂದು ಕಂಬ ಇದೆ, ಜೈಪುರ್ ಕಾಲಮ್. 145 ಅಡಿ. ಜೈಪುರದ ಮಹಾರಾಜರು ಕೊಟ್ಟದ್ದು. ತುದಿಯಲ್ಲಿ ಕಂಚಿನ ಕಮಲ, ಅದರ ಮೇಲೆ ಗಾಜಿನ ನಕ್ಷತ್ರ. ಮುಂಬಾಗಿಲಿನ ಕಂಬಗಳ ನಡುವೆ ಅಶೋಕನ ಕಾಲದ ಒಂದು ಎತ್ತು ಇದೆ, ಬಿಹಾರದ ರಾಮ್‌ಪುರ್ವದಲ್ಲಿ ಸಿಕ್ಕಿದ್ದು. ಎರಡು ಸಾವಿರ ವರ್ಷಕ್ಕೂ ಹಳೆಯದು. ಮೈ ಈಗಲೂ ನುಣ್ಣಗಿದೆ. ನನ್ನ ಮಟ್ಟಿಗೆ ಇಡೀ ಭವನದಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೆತ್ತನೆ ಅದೇ.

ಇನ್ನೊಂದು ವಿಷಯಕ್ಕೆ ಒಳಗೆ ಹೋಗುವುದೇ ಬೇಡ. ಇಂಡಿಯಾ ಗೇಟ್ ಕಡೆಯಿಂದ ಕರ್ತವ್ಯ ಪಥದಲ್ಲಿ ನಡೆಯುತ್ತಾ ಬನ್ನಿ. ದೂರದಿಂದ ಭವನ ಪೂರ್ತಿ ಕಾಣುತ್ತದೆ. ವಿಜಯ್ ಚೌಕ್ ಹತ್ತಿರ ಬಂದ ಹಾಗೆ ಕಂಬಗಳು ಮರೆಯಾಗುತ್ತವೆ, ಕೊನೆಗೆ ಗುಮ್ಮಟ ಮಾತ್ರ ಉಳಿಯುತ್ತದೆ. ಚಾರಣಕ್ಕೆ ಹೋದಾಗ ಎದುರಿನ ಸಣ್ಣ ಗುಡ್ಡ ಹಿಂದಿನ ದೊಡ್ಡ ಬೆಟ್ಟವನ್ನು ನುಂಗಿಬಿಡುತ್ತದಲ್ಲ, ಹಾಗೆ. ಭವನದ ಮುಂದೆ ರಸ್ತೆಯ ಎರಡು ಬದಿಗೆ ಇರುವ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಕಟ್ಟಿದ ಹರ್ಬರ್ಟ್ ಬೇಕರ್ ಮತ್ತು ಲುಟ್ಯೆನ್ಸ್ ನಡುವೆ ಜಗಳ ಹತ್ತಿದ್ದೇ ಈ ಇಳಿಜಾರಿಗೆ. ಇಳಿಜಾರು ಇನ್ನೂ ಸಣ್ಣಗೆ ಇರಲಿ, ಭವನ ಉದ್ದಕ್ಕೂ ಕಾಣಲಿ ಅಂತ ಲುಟ್ಯೆನ್ಸ್ ಹಟ ಹಿಡಿದ. ಆಗಲಿಲ್ಲ. ಗೆಳೆತನವೇ ಮುರಿಯಿತು. ನೂರು ವರ್ಷದ ಆ ಜಗಳ ಇವತ್ತಿಗೂ ನಡೆಯುತ್ತಾ ಹೋದವರ ಕಣ್ಣಿಗೆ ಕಾಣುತ್ತದೆ. ಕಾರಿನಲ್ಲಿ ಹೋದರೆ ಗೊತ್ತೇ ಆಗುವುದಿಲ್ಲ.

ಕೃಷ್ಣೆಯ ಮಡಿಲು:
ನಮ್ಮ ಜಮಖಂಡಿ ಕಡೆಯವರು ಒಬ್ಬರು ಆ ಮನೆಯ ಜವಾಬ್ದಾರಿ ಹೊತ್ತಿದ್ದರು, ಅದನ್ನು ಮರೆಯಬೇಡ್ರಿ. ಸಾವಳಗಿಯ ಬಿ.ಡಿ. ಜತ್ತಿಯವರು. ಉಪರಾಷ್ಟ್ರಪತಿ ಆಗಿದ್ದರು. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಅವತ್ತಿನಿಂದ ಜುಲೈ 25ರ ತನಕ ಜತ್ತಿಯವರೇ ಹಂಗಾಮಿ ರಾಷ್ಟ್ರಪತಿ. ತುರ್ತು ಪರಿಸ್ಥಿತಿ ಮುಗಿದದ್ದು ಆ ತಿಂಗಳುಗಳಲ್ಲೇ. ಮೊರಾರ್ಜಿ ದೇಸಾಯಿ ಅವರಿಗೆ ಪ್ರಮಾಣವಚನ ಬೋಧಿಸಿದವರು ನಮ್ಮ ಜತ್ತಿಯವರು. ಕಾಂಗ್ರೆಸ್ ಬಿಟ್ಟು ಬೇರೆಯವರು ದೇಶದ ಪ್ರಧಾನಿ ಆದದ್ದು ಅದೇ ಮೊದಲು. ಜಮಖಂಡಿ ಪುರಸಭೆಯಿಂದ ರಾಜಕೀಯ ಶುರು ಮಾಡಿದ ಮನುಷ್ಯ ಅಲ್ಲಿ ತನಕ ಹೋದರು. ನಮ್ಮ ಶಾಲೆ ಮಕ್ಕಳಿಗೆ ಇದನ್ನು ಹೇಳುವವರು ಕಡಿಮೆ ಆಗಿದ್ದಾರೆ, ಅದು ನನಗೆ ಬೇಜಾರು.

ತುಂಗಾತೀರ:
ಒಳ್ಳೆಯ ಮಾತು ನೆನಪಿಸಿದಿರಿ ಸರ್. ಊಟದ ಹಾಲ್‌ನಲ್ಲಿ ಹಿಂದಿನ ರಾಷ್ಟ್ರಪತಿಗಳ ಚಿತ್ರಗಳನ್ನು ಸಾಲಾಗಿ ಹಾಕಿದ್ದಾರೆ. 104 ಜನ ಒಟ್ಟಿಗೆ ಕೂತು ಉಣ್ಣುವ ಒಂದೇ ಉದ್ದ ಮೇಜು ಅಲ್ಲಿದೆ. ಬಡಿಸುವವರಿಗೆ ಸನ್ನೆ ಕೊಡುವುದಕ್ಕೆ ಗೋಡೆಯಲ್ಲಿ ಬಣ್ಣದ ಸಣ್ಣ ದೀಪಗಳಿವೆ. ಯಾವಾಗ ಬಡಿಸಬೇಕು, ಯಾವಾಗ ತಟ್ಟೆ ಎತ್ತಬೇಕು ಅಂತ ಬಾಯಿ ಬಿಡದೆ ಅದರಲ್ಲೇ ಗೊತ್ತಾಗುತ್ತದೆ. ಮದುವೆ ಮನೆಯಲ್ಲಿ ಬಡಿಸಿ ಗೊತ್ತಿರುವವರಿಗೆ ಇದು ಎಷ್ಟು ಕಷ್ಟದ ಕೆಲಸ ಅಂತ ತಿಳಿಯುತ್ತದೆ.

ಅಲ್ಲೇ ಇನ್ನೊಂದು ಹಾಲ್ ಇದೆ, ಅಶೋಕ ಮಂಟಪ. ಮೊದಲು ಬ್ರಿಟಿಷರು ಕುಣಿಯುತ್ತಿದ್ದ ಜಾಗ, ನೆಲ ಮರದ್ದು. ತಲೆ ಎತ್ತಿದರೆ ಚಾವಣಿ ತುಂಬಾ ಚಿತ್ರ. ನಡುವೆ ಚರ್ಮದ ಮೇಲೆ ಬರೆದ ದೊಡ್ಡ ಚಿತ್ರ, ಪರ್ಷಿಯಾದ ದೊರೆ ಫತೇ ಅಲಿ ಷಾ ಮಕ್ಕಳ ಜೊತೆ ಬೇಟೆಗೆ ಹೊರಟಿದ್ದು. ನೀವು ಹಾಲಿನ ಎಲ್ಲಿ ನಿಂತರೂ ಆತ ನಿಮ್ಮನ್ನೇ ನೋಡುತ್ತಿದ್ದಾನೆ ಅನ್ನಿಸುತ್ತದೆ.

ಮೇಷ್ಟ್ರು ಹಾವೇರಿ:
ನಮಸ್ಕಾರ. ನಮ್ಮ ಪ್ರೌಢಶಾಲೆಯಿಂದ ಒಂಬತ್ತನೇ ತರಗತಿ ಮಕ್ಕಳನ್ನು ಉತ್ತರ ಭಾರತ ಪ್ರವಾಸಕ್ಕೆ ಕರೆದುಕೊಂಡು ಹೋಗಬೇಕು ಅಂತ ಮಾತಾಗುತ್ತಿದೆ. ಎರಡು ಪ್ರಶ್ನೆ. ಮ್ಯೂಸಿಯಂ ಮಕ್ಕಳಿಗೆ ಹಿಡಿಸುತ್ತದಾ, ಇಲ್ಲ ಬರೀ ಪಾತ್ರೆ ಪಗಡ ಇಟ್ಟಿರುತ್ತಾರಾ? ದಿಲ್ಲಿ ತನಕ ಆಗದಿದ್ದರೆ ಹತ್ತಿರದಲ್ಲಿ ಏನಾದರೂ ಇದೆಯಾ?

ಯಮುನೆಯ ಕನ್ನಡಿಗ:
ಮೇಷ್ಟ್ರೇ, ಖಂಡಿತ ಹಿಡಿಸುತ್ತದೆ. ಹಳೆಯ ಕುದುರೆ ಲಾಯ, ಗ್ಯಾರೇಜನ್ನೇ ಮ್ಯೂಸಿಯಂ ಮಾಡಿದ್ದಾರೆ. 1911ರ ದರ್ಬಾರಿನಲ್ಲಿ ಐದನೇ ಜಾರ್ಜ್ ಕೂತಿದ್ದ ಬೆಳ್ಳಿ ಕುರ್ಚಿ ಅಲ್ಲಿದೆ, 640 ಕಿಲೋ ತೂಕ. ಜೋರ್ಡಾನಿನ ದೊರೆ ಹುಸೇನ್ ರಾಜೀವ್ ಗಾಂಧಿಗೆ ಕೊಟ್ಟ ಮರ್ಸಿಡಿಸ್ ಕಾರು ಇದೆ. ಹುಡುಗರು ಅದರ ಮುಂದೆಯೇ ನಿಂತುಬಿಡುತ್ತಾರೆ.

ಸಾರೋಟಿನ ಕತೆಯನ್ನು ಬಸ್ಸಿನಲ್ಲೇ ಹೇಳಿಬಿಡಿ. 1947ರಲ್ಲಿ ವೈಸರಾಯ್ ಅಂಗರಕ್ಷಕ ಪಡೆಯನ್ನೂ ಭಾರತ, ಪಾಕಿಸ್ತಾನ ಹಂಚಿಕೊಂಡವು. ಚಿನ್ನದ ಅಂಚಿನ ಸಾರೋಟು ಯಾರಿಗೆ ಅಂತ ತೀರ್ಮಾನ ಆಗಲಿಲ್ಲ. ಎರಡೂ ಕಡೆಯ ಅಧಿಕಾರಿಗಳು ನಾಣ್ಯ ಚಿಮ್ಮಿದರು. ಭಾರತಕ್ಕೆ ಬಂತು. 2024ರ ಗಣರಾಜ್ಯೋತ್ಸವಕ್ಕೆ ರಾಷ್ಟ್ರಪತಿ ಮುರ್ಮು ಅವರು ಫ್ರಾನ್ಸ್ ಅಧ್ಯಕ್ಷರ ಜೊತೆ ಸಾರೋಟಿನಲ್ಲಿ ಬಂದದ್ದನ್ನು ಮಕ್ಕಳು ಟಿವಿಯಲ್ಲಿ ನೋಡಿರಬಹುದು. ಆ ಅಂಗರಕ್ಷಕ ಪಡೆ ಶುರುವಾದದ್ದು 1773ರಲ್ಲಿ. ನಮ್ಮ ಸೈನ್ಯದ ಕುದುರೆ ಪಡೆಗಳಲ್ಲೇ ಎಲ್ಲಕ್ಕಿಂತ ಹಳೆಯದು.

ಕಲಬುರಗಿ ತೊಗರಿ:
ಹತ್ತಿರದ್ದು ಕೇಳಿದಿರಲ್ಲ ಮೇಷ್ಟ್ರೇ, ಹೈದರಾಬಾದಿಗೆ ಹೋಗಿ. ಬೊಲಾರಂನಲ್ಲಿ ರಾಷ್ಟ್ರಪತಿ ನಿಲಯ ಇದೆ. ರಾಷ್ಟ್ರಪತಿಗಳು ದಕ್ಷಿಣಕ್ಕೆ ಬಂದಾಗ ಇರುವ ಮನೆ. ಸುಮಾರು 90 ಎಕರೆ ತೋಟ, ಆದರೆ ಮನೆ ಒಂದೇ ಅಂತಸ್ತು, 11 ಕೋಣೆ ಅಷ್ಟೇ. ನಿಜಾಮರ ಕಾಲದ್ದು, 1950ರಲ್ಲಿ ಕೇಂದ್ರ ಸರ್ಕಾರ ತೆಗೆದುಕೊಂಡಿತು. ಅಡುಗೆಮನೆಯಿಂದ ಊಟದ ಕೋಣೆಗೆ ಒಂದು ಸುರಂಗ ದಾರಿ ಇದೆ, ಅದರೊಳಗೆ ನಡೆಯಬಹುದು. ಈಗ ಅದರ ಗೋಡೆಗೆ ತೆಲಂಗಾಣದ ಚೇರಿಯಾಲ್ ಚಿತ್ರ ಬರೆಸಿದ್ದಾರೆ. ಮಕ್ಕಳಿಗೆ ಅದು ಬಹಳ ಇಷ್ಟ ಆಗುತ್ತದೆ. ದಿಲ್ಲಿಯಷ್ಟು ಗದ್ದಲ ಇಲ್ಲ, ನಿಧಾನ ನೋಡಬಹುದು. ಡಿಸೆಂಬರಿನಲ್ಲಿ ರಾಷ್ಟ್ರಪತಿಗಳು ಬರುವುದುಂಟು, ಆಗ ಬಂದ್ ಇರುತ್ತದೆ. ಕೇಳಿಕೊಂಡು ಹೊರಡಿ.

ಮೇಷ್ಟ್ರು ಹಾವೇರಿ:
ಎಲ್ಲರಿಗೂ ಧನ್ಯವಾದ. ದಿಲ್ಲಿಯೇ ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಫೆಬ್ರವರಿ ಎರಡನೇ ವಾರ ಆದರೆ ತೋಟವೂ ಸಿಗುತ್ತದೆ ಅಲ್ವಾ? ಪರೀಕ್ಷೆಗೂ ಸ್ವಲ್ಪ ದಿನ ಉಳಿಯುತ್ತದೆ.

ತುಂಗಾತೀರ:
ಸಿಗುವ ಕಾಲವೇ ಮೇಷ್ಟ್ರೇ, ಆ ವರ್ಷದ ತಾರೀಕು ಪ್ರಕಟ ಆದ ಮೇಲೆ ಒಮ್ಮೆ ನೋಡಿಕೊಳ್ಳಿ. ಮೊಘಲ್ ಗಾರ್ಡನ್ ಅಂತ ನಾವು ಓದಿದ್ದೆವಲ್ಲ, 2023ರಿಂದ ಅದಕ್ಕೆ ಅಮೃತ ಉದ್ಯಾನ ಅನ್ನುತ್ತಾರೆ. ಗುಲಾಬಿಯೇ ನೂರಕ್ಕೂ ಹೆಚ್ಚು ಬಗೆ.

ನನ್ನ ಸಲಹೆ ಇಷ್ಟು. ಶುಕ್ರವಾರ ಮುಖ್ಯ ಕಟ್ಟಡ, ಆಮೇಲೆ ಮ್ಯೂಸಿಯಂ. ಶನಿವಾರ ಬೆಳಗ್ಗೆ ಕಾವಲು ಬದಲಾವಣೆ, ಅದು ಮುಗಿಸಿಕೊಂಡು ತೋಟ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ, ಮಕ್ಕಳು ದಣಿದುಬಿಡುತ್ತಾರೆ. ಪ್ರತಿ ಮಗುವಿನ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಬುಕಿಂಗ್‌ನಲ್ಲಿ ಹಾಕಿ, ಗೇಟಿನಲ್ಲಿ ತಾಳೆ ನೋಡುತ್ತಾರೆ. ಒಂದೇ ಸಮಯಕ್ಕೆ ಅಷ್ಟೂ ಜಾಗ ಸಿಗದಿದ್ದರೆ ಎರಡು ಗುಂಪು ಮಾಡಿ, ಒಂದೊಂದಕ್ಕೆ ಒಬ್ಬ ಶಿಕ್ಷಕರು ಇರಲಿ. ಗೈಡ್ ಹಿಂದಿ ಇಲ್ಲ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಹಾಗಾಗಿ ತಿಮ್ಮಕ್ಕ, ತುಳಸಿ ಗೌಡ, ಹಾಜಬ್ಬ, ಮಂಜಮ್ಮ, ಜತ್ತಿಯವರು, ಮೂಡುಬಿದಿರೆ ಗಂಟೆ, ರೈಸಿನಾ ಮಾಲ್ಚಾ ಹಳ್ಳಿ, ಇಷ್ಟನ್ನೂ ಹೊರಡುವ ಮೊದಲೇ ತರಗತಿಯಲ್ಲಿ ಹೇಳಿಬಿಡಿ.

ಯಮುನೆಯ ಕನ್ನಡಿಗ:
ತಾರೀಕು ಗಟ್ಟಿಯಾದ ಮೇಲೆ ಇಲ್ಲೇ ಹಾಕಿ ಮೇಷ್ಟ್ರೇ. ಶನಿವಾರ ನನಗೆ ರಜೆ, ಬಂದು ಮಕ್ಕಳ ಜೊತೆ ಇರುತ್ತೇನೆ. ಚಳಿ ಇರುತ್ತದೆ, ಎಲ್ಲರಿಗೂ ಸ್ವೆಟರ್ ತರಲು ಹೇಳಿ.